‘ದಿ ವಿಲ್ಲೋಸ್’: ದೆವ್ವವೇ ಕಾಣಿಸಿಕೊಳ್ಳದ ಕಥೆ ಹೆದರಿಸುವುದು ಹೇಗೆ?

ಇಬ್ಬರು ಗೆಳೆಯರು, ಒಂದು ಸಣ್ಣ ದೋಣಿ, ನೆರೆ ಬಂದ ಹೊಳೆಯ ನಡುವೆ ಒಂದು ಎಕರೆಯೂ ಇಲ್ಲದ ಮರಳ ದಿಬ್ಬ. ದಿಬ್ಬದ ಮೇಲೆ ಒಂದು ಡೇರೆ. ಸುತ್ತ ಎತ್ತ ನೋಡಿದರೂ ವಿಲ್ಲೋ ಪೊದೆಗಳು. ಎರಡು ರಾತ್ರಿ, ನಡುವೆ ಒಂದು ಹಗಲು. ಇಂಗ್ಲೆಂಡಿನ ಲೇಖಕ ಆಲ್ಜರ್ನನ್ ಬ್ಲ್ಯಾಕ್‌ವುಡ್ 1907ರಲ್ಲಿ ಪ್ರಕಟಿಸಿದ ‘ದಿ ವಿಲ್ಲೋಸ್’ ಎಂಬ ನೀಳ್ಗತೆಯಲ್ಲಿ ಇರುವುದು ಇಷ್ಟೇ. ಇದರಲ್ಲಿ ಪಾಳು ಬಂಗಲೆ ಇಲ್ಲ. ಸೇಡು ತೀರಿಸಿಕೊಳ್ಳಲು ಬಂದ ಆತ್ಮ ಇಲ್ಲ. ರಕ್ತ ಚೆಲ್ಲುವುದಿಲ್ಲ. ಆದರೂ ಭಯದ ಕಥೆಗಳ ಬಗ್ಗೆ ಮಾತು ಬಂದಾಗಲೆಲ್ಲ ಈ ಹೆಸರು ಬಂದೇ ಬರುತ್ತದೆ. ಅಮೆರಿಕದ ಭಯದ ಕಥೆಗಾರ ಎಚ್. ಪಿ. ಲವ್‌ಕ್ರಾಫ್ಟ್ 1927ರಲ್ಲಿ ಇಂಥ ಸಾಹಿತ್ಯದ ಬಗ್ಗೆ ಬರೆದ ದೊಡ್ಡ ಪ್ರಬಂಧದಲ್ಲಿ, ಬ್ಲ್ಯಾಕ್‌ವುಡ್ ಬರೆದದ್ದರಲ್ಲೆಲ್ಲ ಇದಕ್ಕೇ ಮೊದಲ ಸ್ಥಾನ ಕೊಟ್ಟರು.

ಹಾಗೆಂದು ಓದಲು ಕೂತವರು ಸುಮಾರು ಜನ ಹತ್ತು ಪುಟಕ್ಕೇ ನಿಲ್ಲಿಸುತ್ತಾರೆ. ಅವರ ದೂರು ಒಂದೇ: ‘ಏನೂ ಆಗೋದೇ ಇಲ್ವಲ್ಲ!’ ದೂರು ಸುಳ್ಳಲ್ಲ. ಮೊದಲ ಮೂರನೇ ಒಂದು ಭಾಗದಲ್ಲಿ ಹೊಳೆ, ಗಾಳಿ, ಗಿಡ, ಅಡುಗೆ, ಸೌದೆ ಇಷ್ಟರದ್ದೇ ಮಾತು. ಆದರೆ ಭಯ ತಯಾರಾಗುವುದು ಅಲ್ಲೇ. ಅದನ್ನು ಹಾರಿಸಿಕೊಂಡು ಮುಂದಕ್ಕೆ ಹೋದವರಿಗೆ ಕೊನೆಯ ಪುಟಗಳೂ ಸಪ್ಪೆಯಾಗಿಯೇ ಕಾಣುತ್ತವೆ. ಈ ಕಥೆ ಒಳಗಿನಿಂದ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ಬಿಡಿಸಿ ನೋಡಿದರೆ ಓದುವ ರುಚಿಯೇ ಬೇರೆ. ಕಥೆಯ ಕೊನೆಯ ಬೆಳಗಿನಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ ನಾನಿಲ್ಲಿ ಹೇಳುವುದಿಲ್ಲ.

ನಕ್ಷೆಯ ಮೇಲಿನ ನೀಲಿ

ಕಥೆ ಶುರುವಾಗುವುದು ಭೂಗೋಳದ ಪಾಠದ ಹಾಗೆ. ವಿಯೆನ್ನಾ ದಾಟಿದ ಮೇಲೆ, ಬುಡಾಪೆಸ್ಟ್ ಇನ್ನೂ ದೂರ ಇರುವಾಗಲೇ, ಡ್ಯಾನ್ಯೂಬ್ ನದಿ ಒಂದು ನಿರ್ಜನ ಪ್ರದೇಶಕ್ಕೆ ಬರುತ್ತದೆ. ಅಲ್ಲಿ ಅದು ಒಂದೇ ಹೊಳೆಯಾಗಿ ಉಳಿಯುವುದಿಲ್ಲ. ನೂರಾರು ಕವಲಾಗಿ ಹರಡಿಕೊಳ್ಳುತ್ತದೆ. ಮೈಲಿಗಟ್ಟಲೆ ಜೌಗು, ಆ ಜೌಗಿನ ತುಂಬ ವಿಲ್ಲೋ ಪೊದೆ. ದೊಡ್ಡ ನಕ್ಷೆಗಳಲ್ಲಿ ಈ ಜಾಗಕ್ಕೆ ಮಾಸಲು ನೀಲಿ ಬಣ್ಣ ಹಚ್ಚಿರುತ್ತಾರೆ, ದಡದಿಂದ ದೂರ ಹೋದಂತೆ ಆ ನೀಲಿ ತೆಳ್ಳಗಾಗುತ್ತದೆ ಎಂದು ಇಬ್ಬರು ಗೆಳೆಯರಲ್ಲಿ ಒಬ್ಬನಾದ ನಿರೂಪಕ ಹೇಳುತ್ತಾನೆ. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದ ಜಾಗ ಅದು. ಕಥೆ ಮುಂದೆ ದಾಟಲಿರುವ ಗೆರೆಯೂ ಇಂಥದ್ದೇ. ಮೊದಲ ಪುಟದ ನಕ್ಷೆಯಲ್ಲೇ ಅದರ ಸುಳಿವು ಇದೆ.

ಈ ಜಾಗ ಲೇಖಕರ ಕಲ್ಪನೆ ಅಲ್ಲ. ಸುಮಾರು 2,850 ಕಿಲೋಮೀಟರ್ ಉದ್ದದ ಡ್ಯಾನ್ಯೂಬ್ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಸೀಮೆಯಲ್ಲಿ ಹುಟ್ಟಿ ಕಪ್ಪು ಸಮುದ್ರ ಸೇರುತ್ತದೆ. ದೇವಿನ್ ಎಂಬಲ್ಲಿ, ಕಾರ್ಪೇಥಿಯನ್ ಬೆಟ್ಟಸಾಲಿನ ಅಂಚಿನಲ್ಲಿ, ಅದು ಇಕ್ಕಟ್ಟಾದ ಒಂದು ಕಿಂಡಿಯ ಮೂಲಕ ನುಗ್ಗುತ್ತದೆ. ಕಿಂಡಿ ದಾಟಿದ ಕೂಡಲೇ ಸಪಾಟು ಬಯಲು. ಇಳಿಜಾರು ಕಡಿಮೆಯಾಗುತ್ತದೆ, ನೀರಿನ ಓಟ ತಗ್ಗುತ್ತದೆ. ಬೆಟ್ಟದಿಂದ ಹೊತ್ತು ತಂದ ಜಲ್ಲಿ, ಮರಳನ್ನೆಲ್ಲ ಹೊಳೆ ಅಲ್ಲಿ ಇಳಿಸಿಬಿಡುತ್ತದೆ. ತಾನೇ ಇಳಿಸಿದ ದಿಬ್ಬ ತನಗೇ ಅಡ್ಡವಾಗಿ ಕವಲೊಡೆಯುತ್ತದೆ. ಸಾವಿರಾರು ವರ್ಷ ಹೀಗೇ ನಡೆದು, ಸಮುದ್ರವೇ ಇಲ್ಲದ ಕಡೆ ಒಂದು ಮುಖಜಭೂಮಿ ಹುಟ್ಟಿದೆ. ಇವತ್ತು ಅದರ ಉತ್ತರದ ಭಾಗ ಸ್ಲೊವಾಕಿಯಾದಲ್ಲಿದೆ, ದಕ್ಷಿಣದ್ದು ಹಂಗೇರಿಯಲ್ಲಿ. ಕಥೆಯಲ್ಲಿ ಪ್ರೆಸ್‌ಬರ್ಗ್ ಎಂದು ಬರುವ ಊರು ಇವತ್ತಿನ ಬ್ರಾಟಿಸ್ಲಾವಾ.

ಕಥೆ ನಡೆಯುವುದು ಜುಲೈ ತಿಂಗಳಲ್ಲಿ, ನೆರೆಯ ನಡುವೆ. ನಮಗೆ ಜುಲೈ ಅಂದರೆ ಮುಂಗಾರಿನ ನೆರೆ. ಅಲ್ಲಿಯ ಲೆಕ್ಕ ಬೇರೆ. ಬೇಸಿಗೆಯಲ್ಲಿ ಆಲ್ಪ್ಸ್ ಬೆಟ್ಟಗಳ ಹಿಮ ಕರಗಿ ಉಪನದಿಗಳ ಮೂಲಕ ಡ್ಯಾನ್ಯೂಬ್‌ಗೆ ಇಳಿಯುತ್ತದೆ. ಹಾಗಾಗಿ ಮೇಲೆ ಶುಭ್ರ ಬಿಸಿಲು ಹೊಡೆಯುತ್ತಿದ್ದರೂ ಕೆಳಗೆ ನೀರು ಏರುತ್ತಲೇ ಇರುತ್ತದೆ. ಕಥೆಯ ಮೊದಲ ಇರುಸುಮುರುಸು ಹುಟ್ಟುವುದೇ ಇಲ್ಲಿ. ಆಕಾಶ ನೋಡಿದರೆ ಏನೂ ತೊಂದರೆ ಇಲ್ಲ. ಕಾಲ ಕೆಳಗಿನ ನೆಲ ಮಾತ್ರ ಗಂಟೆಗಂಟೆಗೂ ಕಡಿಮೆಯಾಗುತ್ತಿದೆ.

ಪ್ರೆಸ್‌ಬರ್ಗಿನಲ್ಲಿ ಸಾಮಾನು ಕೊಳ್ಳಲು ನಿಂತಾಗ ಹಂಗೇರಿಯ ಅಧಿಕಾರಿಯೊಬ್ಬ ಇಬ್ಬರಿಗೂ ಎಚ್ಚರಿಕೆ ಹೇಳುತ್ತಾನೆ. ಮುಂದೆ ಜನ ಇಲ್ಲ, ಹೊಲ ಇಲ್ಲ, ಮೀನು ಹಿಡಿಯುವವರೂ ಇಲ್ಲ. ನೆರೆ ಇಳಿದರೆ ಎಲ್ಲೋ ಒಣ ದಿಬ್ಬದ ಮೇಲೆ ಸಿಕ್ಕಿಕೊಂಡು ಉಪವಾಸ ಬೀಳುತ್ತೀರಿ ಎನ್ನುತ್ತಾನೆ. ಗಮನಿಸಿ, ಅವನು ದೆವ್ವದ ಸುದ್ದಿ ಎತ್ತುವುದಿಲ್ಲ. ಸಾಮಾನ್ಯವಾಗಿ ಭಯದ ಕಥೆಗಳಲ್ಲಿ ಊರಿನ ಮುದುಕ ‘ಆ ಕಡೆ ಹೋಗಬೇಡಿ’ ಎಂದು ಕಣ್ಣರಳಿಸುತ್ತಾನೆ, ಅಲ್ವಾ? ಇಲ್ಲಿ ಹೇಳುವವನು ಊಟದ ಲೆಕ್ಕ ಹೇಳುತ್ತಾನೆ. ಓದುವವರಿಗೆ ಅವನ ಮಾತಿನ ಮೇಲೆ ನಂಬಿಕೆ ಬರುತ್ತದೆ, ಮನಸ್ಸು ಬ್ರೆಡ್ಡು, ಸೌದೆ, ನೀರಿನ ಮಟ್ಟ ಇಂಥ ಗಟ್ಟಿ ಸಂಗತಿಗಳ ಮೇಲೆ ನಿಲ್ಲುತ್ತದೆ. ಆ ಗಟ್ಟಿತನವನ್ನೇ ಮುಂದೆ ಕಥೆ ಸ್ವಲ್ಪ ಸ್ವಲ್ಪವಾಗಿ ಕೊರೆಯುವುದು.

ಹಿನ್ನೆಲೆ ಎದ್ದು ಬರುತ್ತದೆ

ಈ ಕಥೆಯನ್ನು ಹಿಡಿಯಲು ನಮ್ಮ ರಸಸಿದ್ಧಾಂತ ತುಂಬ ಚೆನ್ನಾಗಿ ಒದಗುತ್ತದೆ. ಭರತನ ನಾಟ್ಯಶಾಸ್ತ್ರ ಭಯಾನಕ ರಸ ಯಾವುದರಿಂದ ಹುಟ್ಟುತ್ತದೆ ಎಂದು ಹೇಳುವಾಗ ವಿಕಾರವಾದ ಸದ್ದು, ಭೂತಗಳ ದರ್ಶನ, ನರಿ ಗೂಬೆಗಳ ಭಯ, ಪಾಳು ಮನೆ, ಕಾಡು ಇವನ್ನೆಲ್ಲ ಎಣಿಸುತ್ತದೆ. ಕಾವ್ಯಶಾಸ್ತ್ರ ಬರೆದ ಮುಂದಿನ ಆಲಂಕಾರಿಕರು ಇದರಲ್ಲಿ ಎರಡು ಬಗೆ ಮಾಡಿದರು. ಯಾವುದನ್ನು ಕಂಡು ಭಯವಾಗುತ್ತದೋ ಅದು ಆಲಂಬನ ವಿಭಾವ. ಆ ಭಯವನ್ನು ಏರಿಸುವ ಸುತ್ತಲಿನ ಕತ್ತಲೆ, ಗಾಳಿ, ಕಾಡು ಉದ್ದೀಪನ ವಿಭಾವ. ಮಾಮೂಲಿ ದೆವ್ವದ ಕಥೆಯಲ್ಲಿ ದೆವ್ವ ಆಲಂಬನ, ಕಾಡು ಉದ್ದೀಪನ. ಕಾಡಿನ ಕೆಲಸ ದೆವ್ವ ಬರುವ ತನಕ ವೇದಿಕೆ ಸಿದ್ಧಮಾಡಿಡುವುದು ಮಾತ್ರ.

‘ದಿ ವಿಲ್ಲೋಸ್’ ಕಥೆಯಲ್ಲಿ ಈ ಎರಡರ ನಡುವಿನ ಗೋಡೆ ಕುಸಿಯುತ್ತದೆ. ಉದ್ದೀಪನವೇ ನಿಧಾನವಾಗಿ ಆಲಂಬನ ಆಗಿಬಿಡುತ್ತದೆ. ನಾವು ಹಿನ್ನೆಲೆ ಎಂದುಕೊಂಡು ಓದಿದ್ದೆಲ್ಲ ಎದ್ದು ಮುಂದಕ್ಕೆ ಬರುತ್ತದೆ. ಇಡೀ ಕಥೆಯ ಕೀಲಿ ಇದೇ ಎಂದು ನನ್ನ ನಂಬಿಕೆ. ‘ದೆವ್ವ ಯಾವಾಗ ಬರುತ್ತೆ’ ಎಂದು ಕಾದವರಿಗೆ ನಿರಾಸೆ ಆಗುವುದೂ ಇದರಿಂದಲೇ. ಅವರು ಖಾಲಿ ವೇದಿಕೆ ನೋಡುತ್ತಾ ಕೂತಿರುತ್ತಾರೆ. ಬರಬೇಕಾದದ್ದು ಮೊದಲ ಸಾಲಿನಿಂದಲೂ ಅಲ್ಲೇ ಇರುತ್ತದೆ.

ಇದನ್ನು ಬ್ಲ್ಯಾಕ್‌ವುಡ್ ಹೇಗೆ ಸಾಧಿಸುತ್ತಾರೆ? ಮೊದಲು ಹೊಳೆಯಿಂದ. ನಿರೂಪಕ ಡ್ಯಾನ್ಯೂಬನ್ನು ಹುಟ್ಟಿದಲ್ಲಿಂದ ಬಲ್ಲ. ಡೊನಾವೆಶಿಂಗನ್ ಎಂಬ ಊರಲ್ಲಿ ಪುಟ್ಟ ಬುಗ್ಗೆಯಾಗಿದ್ದುದನ್ನು ಕಂಡವನು. ಅದು ಬೆಳೆದದ್ದು, ತುಂಟಾಟ ಆಡಿದ್ದು, ಸೊಕ್ಕಿದ್ದು, ಉಪನದಿಗಳ ಜತೆ ಜಗಳವಾಡಿದ್ದು ಎಲ್ಲವನ್ನೂ ಪ್ರೀತಿಯಿಂದ ಹೇಳುತ್ತಾನೆ. ಹೊಳೆಗೆ ಜೀವ ಇದೆ ಎಂಬಂತೆ ಮಾತಾಡುವುದು ನಮಗೇನೂ ಹೊಸದಲ್ಲ. ಕಾವೇರಿಗೆ, ತುಂಗೆಗೆ ಬಾಗಿನ ಕೊಡುವವರು ನಾವು. ಹಾಗಾಗಿ ಸಂತೋಷದಿಂದ ತಲೆದೂಗುತ್ತಾ ಹೋಗುತ್ತೇವೆ. ಆದರೆ ಹೊಳೆಗೆ ಮನಸ್ಸಿದೆ ಎಂದು ಒಮ್ಮೆ ಒಪ್ಪಿಕೊಂಡ ಮೇಲೆ ಗಿಡಕ್ಕೆ ಇಲ್ಲ ಎನ್ನುವುದು ಹೇಗೆ? ಗಾಳಿಗೆ ಇಲ್ಲ ಎನ್ನುವುದು ಹೇಗೆ? ಸ್ನೇಹದ ಹೊಳೆಯ ಮೂಲಕ ನಮ್ಮನ್ನು ಒಳಗೆ ಕರೆದುಕೊಂಡು, ಆಮೇಲೆ ಸ್ನೇಹವೇ ಇಲ್ಲದ ಪೊದೆಗಳ ನಡುವೆ ತಂದು ನಿಲ್ಲಿಸುತ್ತಾರೆ. ಇದು ತುಂಬ ಜಾಣ್ಮೆಯ ಕೆಲಸ.

ಪೊದೆಗಳ ಬಗ್ಗೆಯೂ ಒಂದು ಮಾತು. ವಿಲ್ಲೋ ಅಂದರೆ ನಮಗೆ ಕ್ರಿಕೆಟ್ ಬ್ಯಾಟಿನ ಮರ. ಇಲ್ಲಿರುವುದು ಅದೇ ಕುಲದ ಕುಳ್ಳ ಪೊದೆಗಳು. ಇವಕ್ಕೆ ಗಟ್ಟಿ ಕಾಂಡ ಇಲ್ಲ. ಗಾಳಿಗೆ ಹುಲ್ಲಿನಂತೆ ಬಾಗುತ್ತವೆ. ಎಲೆಯ ಅಡಿಭಾಗ ಬಿಳಿಚಿಕೊಂಡಿರುವುದರಿಂದ ಗಾಳಿ ಬೀಸಿದಾಗ ಇಡೀ ಬಯಲು ಬಣ್ಣ ಬದಲಿಸುತ್ತದೆ, ಅಲೆ ಎದ್ದಂತೆ ಕಾಣುತ್ತದೆ. ಮುರಿದ ಒಂದು ಕೊಂಬೆ ಕೆಸರಿಗೆ ಬಿದ್ದರೂ ಸಾಕು, ಬೇರು ಬಿಡುತ್ತದೆ. ನೆರೆ ಹೊಸ ದಿಬ್ಬ ಮಾಡಿದರೆ ಮೊದಲು ಬಂದು ನೆಲೆಯೂರುವುದು ವಿಲ್ಲೋ. ಅಂದರೆ ಈ ಗಿಡಗಳು ನಿಜವಾಗಿಯೂ ಹೊಳೆಯುದ್ದಕ್ಕೂ ‘ನಡೆಯುತ್ತವೆ’, ಆದರೆ ವರ್ಷಗಳ ಲೆಕ್ಕದಲ್ಲಿ. ಕಥೆಯಲ್ಲಿ ಒಂದು ಬೆಳಗ್ಗೆ ಅವು ಡೇರೆಗೆ ನಿನ್ನೆಗಿಂತ ಹತ್ತಿರ ಬಂದಂತೆ ನಿರೂಪಕನಿಗೆ ಅನ್ನಿಸುತ್ತದೆ. ಬ್ಲ್ಯಾಕ್‌ವುಡ್ ಮಾಡಿದ್ದು ಗಿಡದ ಸ್ವಭಾವಕ್ಕೆ ಸ್ವಲ್ಪ ವೇಗ ಕೊಟ್ಟದ್ದು, ಅಷ್ಟೇ. ಬೆಟ್ಟ, ಸಮುದ್ರ, ದೊಡ್ಡ ಕಾಡು ಇವುಗಳೆಲ್ಲ ಭಯ ಹುಟ್ಟಿಸಿದರೂ ಅವುಗಳಿಗೆ ಮನುಷ್ಯರ ಬದುಕಿನ ಜತೆ ಎಲ್ಲೋ ಒಂದು ನಂಟು ಇರುತ್ತದೆ, ಈ ಪೊದೆಗಳಿಗೆ ಅದೂ ಇಲ್ಲ ಎಂದು ನಿರೂಪಕ ಯೋಚಿಸುತ್ತಾನೆ. ಅವು ಗುಂಪು. ಅವಕ್ಕೆ ಮುಖ ಇಲ್ಲ. ನಾವು ಅಲ್ಲಿಗೆ ಕರೆಯದೇ ಬಂದವರು.

ಒಂದೊಂದೇ ಸಣ್ಣ ನಷ್ಟ

ಈಗ ಕಥೆಯ ಸಾಮಾನುಗಳನ್ನು ನೋಡಿ. ಭಯದ ಕಥೆಗಳಲ್ಲಿ ಇಷ್ಟು ಸಣ್ಣ ಸಾಮಾನುಗಳಿಂದ ಇಷ್ಟು ದೊಡ್ಡ ಕೆಲಸ ತೆಗೆದದ್ದು ಅಪರೂಪ.

ಮೊದಲ ಸಂಜೆ ಇಬ್ಬರೂ ದಡದಲ್ಲಿ ನಿಂತಿರುವಾಗ ನೀರಿನಲ್ಲಿ ಕಪ್ಪಗಿನ ಏನೋ ಉರುಳುತ್ತಾ ಹೋಗುತ್ತದೆ. ಮನುಷ್ಯನ ಹೆಣ ಎಂದುಕೊಂಡು ಬೆಚ್ಚಿಬೀಳುತ್ತಾರೆ. ಆಮೇಲೆ ನೋಡಿದರೆ ನೀರುನಾಯಿ. ಇಬ್ಬರೂ ನಗುತ್ತಾರೆ. ಸ್ವಲ್ಪ ಹೊತ್ತಿಗೆ ದೂರದಲ್ಲಿ ಒಂದು ಚಪ್ಪಟೆ ದೋಣಿ ಹಾದುಹೋಗುತ್ತದೆ. ಅದರಲ್ಲಿದ್ದ ಮನುಷ್ಯ ಇವರತ್ತ ಕೈಬೀಸಿ ಏನೋ ಕೂಗುತ್ತಾನೆ, ಗಾಳಿಯಲ್ಲಿ ಕೇಳಿಸುವುದಿಲ್ಲ. ಅವನು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುವುದು ಮಾತ್ರ ಕಾಣುತ್ತದೆ. ಹಳ್ಳಿಯವರ ಮೂಢನಂಬಿಕೆ ಎಂದು ಇಬ್ಬರೂ ಮಾತಾಡಿಕೊಳ್ಳುತ್ತಾರೆ.

ಮರುದಿನ ಬೆಳಗ್ಗೆ ಎರಡು ಹುಟ್ಟುಗಳಲ್ಲಿ ಒಂದು ಕಾಣೆ. ದೋಣಿಯ ತಳದಲ್ಲಿ ಸೀಳು. ಉಳಿದ ಹುಟ್ಟನ್ನು ಯಾರೋ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ ತೆಳ್ಳಗೆ ಸವೆಸಲಾಗಿದೆ. ಜೋರಾಗಿ ಒಂದು ಸಲ ಎಳೆದರೆ ಮುರಿದೇ ಹೋಗಬೇಕು. ಮರಳಿನಲ್ಲಿ ಅಲ್ಲಲ್ಲಿ ಬಟ್ಟಲಿನಂಥ ಗುಳಿಗಳು, ಟೀ ಕಪ್ಪಿನಷ್ಟು ಸಣ್ಣದರಿಂದ ದೊಡ್ಡ ಬೋಗುಣಿಯಷ್ಟರವರೆಗೆ. ಸಂಜೆ ಅಡುಗೆಗೆ ಕೂತಾಗ ಬ್ರೆಡ್ಡು ಇಲ್ಲ.

ಪ್ರತಿಯೊಂದಕ್ಕೂ ನಿರೂಪಕನ ಹತ್ತಿರ ಉತ್ತರ ಇದೆ. ದೋಣಿ ದಡಕ್ಕೆ ಎಳೆಯುವಾಗ ಕಲ್ಲಿಗೆ ತಾಗಿರಬೇಕು. ಗಾಳಿಯಲ್ಲಿ ಹಾರುವ ಮರಳು ಹುಟ್ಟನ್ನು ಸವೆಸಿರಬೇಕು. ಗುಳಿಗಳನ್ನು ಗಾಳಿಯೇ ಮಾಡಿರಬೇಕು. ಬ್ರೆಡ್ಡನ್ನು ತಾನೇ ಪ್ರೆಸ್‌ಬರ್ಗಿನ ಅಂಗಡಿಯಲ್ಲಿ ಮರೆತು ಬಂದಿರಬೇಕು, ಅಂಗಡಿಯವಳು ಜಾಸ್ತಿ ಮಾತಾಡಿ ತಲೆ ಕೆಡಿಸಿದಳು. ಒಂದೊಂದನ್ನೇ ತೆಗೆದುಕೊಂಡರೆ ಯಾವ ಉತ್ತರವೂ ತಪ್ಪಲ್ಲ. ಎಲ್ಲವನ್ನೂ ಸಾಲಾಗಿ ಇಟ್ಟಾಗ ಮಾತ್ರ ನಂಬಲು ಕಷ್ಟವಾಗುತ್ತದೆ. ಮತ್ತೂ ಒಂದು ಸೂಕ್ಷ್ಮ ಇದೆ. ಆ ಉತ್ತರಗಳನ್ನು ಸ್ವತಃ ತಾನೇ ನಂಬುತ್ತಿಲ್ಲ ಎಂದು ನಿರೂಪಕನಿಗೆ ಗೊತ್ತು. ಆದರೂ ಹೇಳುತ್ತಾನೆ. ಯಾಕೆಂದರೆ ಹೇಳದೇ ಇದ್ದರೆ ಇನ್ನೊಂದು ಉತ್ತರಕ್ಕೆ ಜಾಗ ಬಿಟ್ಟುಕೊಡಬೇಕಾಗುತ್ತದೆ.

ಓದುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ‘ಇದೆಲ್ಲ ಭ್ರಮೆ ಇರಬಹುದು’ ಎಂಬ ನಮ್ಮ ಅನುಮಾನವನ್ನು ನಾವು ಎತ್ತುವ ಮೊದಲೇ ನಿರೂಪಕ ಎತ್ತಿರುತ್ತಾನೆ. ಅದರ ಸೋಲನ್ನೂ ಅವನೇ ತೋರಿಸಿರುತ್ತಾನೆ. ನಮ್ಮ ಕೈಯಲ್ಲಿದ್ದ ಗುರಾಣಿ ಹೀಗೆ ಕೈಬಿಟ್ಟು ಹೋಗುತ್ತದೆ. ಸಾಮಾನುಗಳು ಹೋಗುವ ಕ್ರಮವನ್ನೂ ನೋಡಿ. ದೋಣಿ ಹೋದರೆ ಹೊರಡುವ ದಾರಿ ಹೋಯಿತು. ಬ್ರೆಡ್ಡು ಹೋದರೆ ಉಳಿಯುವ ದಾರಿ ಹೋಯಿತು. ದಿಬ್ಬವನ್ನು ಹೊಳೆ ಸುತ್ತಲಿಂದ ತಿನ್ನುತ್ತಲೇ ಇದೆ. ಪ್ರೆಸ್‌ಬರ್ಗಿನ ಅಧಿಕಾರಿ ಹೇಳಿದ್ದ ಲೆಕ್ಕವೇ ಇದು. ಆದರೆ ಅವನು ಊಹಿಸಿದ್ದ ಕಾರಣದಿಂದ ಹೀಗಾಗುತ್ತಿಲ್ಲ.

ಈ ಪಂದ್ಯದಲ್ಲಿ ಇನ್ನೊಬ್ಬನ ಪಾತ್ರ ಬಹಳ ಮುಖ್ಯ. ಅವನಿಗೆ ಹೆಸರಿಲ್ಲ. ನಿರೂಪಕ ಅವನನ್ನು ‘ಸ್ವೀಡಿಷ್ ಗೆಳೆಯ’ ಎಂದಷ್ಟೇ ಕರೆಯುತ್ತಾನೆ. ಮೊದಲಿಗೇ ಅವನ ಬಗ್ಗೆ ಒಂದು ಮಾತು ಹೇಳಿಬಿಡುತ್ತಾನೆ: ಇವನು ಕಲ್ಪನೆಯೇ ಇಲ್ಲದ ಮನುಷ್ಯ, ಸುಳಿಯಲ್ಲಿ ದೋಣಿ ನಡೆಸುವುದರಲ್ಲಿ ಗಟ್ಟಿಗ. ಜತೆಗೊಬ್ಬ ಗಟ್ಟಿ ಮನುಷ್ಯ ಇದ್ದಾನೆ ಎಂಬ ಧೈರ್ಯ ನಮಗೂ ಬರುತ್ತದೆ. ಆಮೇಲೆ ಆಗುವುದು ತಲೆಕೆಳಗು. ಕವಿಮನಸ್ಸಿನ ನಿರೂಪಕ ಕಾರಣ ಹುಡುಕಿ ಸಮಾಧಾನ ಮಾಡಿಕೊಳ್ಳುತ್ತಿರುವಾಗ, ಕಲ್ಪನೆಯೇ ಇಲ್ಲದವನು ಸುಮ್ಮನೆ ಎಲ್ಲವನ್ನೂ ಗಮನಿಸುತ್ತಿರುತ್ತಾನೆ. ಅವನು ಹೆದರಿದ್ದಾನೆ ಎಂದು ತಿಳಿದ ಕ್ಷಣ ಕಥೆಯಲ್ಲಿ ನನಗೆ ಅತ್ಯಂತ ಭಯವಾದ ಕ್ಷಣ. ಮರಳಿನ ಗುಳಿಗಳಿಗಿಂತ, ರಾತ್ರಿ ಕಂಡ ಆಕಾರಗಳಿಗಿಂತ ಹೆಚ್ಚು.

ಭಯದ ಜತೆ ಬೆರಗು

ಮೊದಲ ರಾತ್ರಿ ನಿರೂಪಕನಿಗೆ ಎಚ್ಚರವಾಗುತ್ತದೆ. ಹೊರಗೆ ಬಂದು ನೋಡಿದರೆ ಪೊದೆಗಳ ನಡುವಿನಿಂದ ದೊಡ್ಡ ಆಕಾರಗಳು ಎದ್ದು, ಒಂದರೊಳಗೊಂದು ಬೆರೆತು, ಕಂಬದಂತೆ ಆಕಾಶಕ್ಕೆ ಏರುತ್ತಿವೆ. ಕಥೆಯಲ್ಲಿ ‘ಕಾಣುವುದು’ ಎಂದು ಏನಾದರೂ ಇದ್ದರೆ ಅದು ಮುಖ್ಯವಾಗಿ ಇದೇ. ಓಡಿಹೋಗಬೇಕಾದ ಹೊತ್ತು. ಆದರೆ ಅವನಿಗೆ ಅನ್ನಿಸುವುದು ಅಡ್ಡಬಿದ್ದು ಪೂಜಿಸಬೇಕು ಎಂದು.

ನಾವು ಸಾಮಾನ್ಯವಾಗಿ ನೋಡುವ ಭಯದ ಸಿನಿಮಾಗಳಲ್ಲಿ ಭಯಾನಕದ ಜತೆ ಬೀಭತ್ಸ ಸೇರಿರುತ್ತದೆ. ಕೊಳೆತದ್ದು, ಹರಿದದ್ದು, ರಕ್ತ. ಬ್ಲ್ಯಾಕ್‌ವುಡ್ ಭಯಾನಕದ ಜತೆ ಅದ್ಭುತವನ್ನು ಸೇರಿಸುತ್ತಾರೆ. ಬೀಭತ್ಸ ಸೇರಿದಾಗ ಮನಸ್ಸು ಹಿಂದಕ್ಕೆ ಸರಿಯುತ್ತದೆ, ಮುಖ ತಿರುಗಿಸುತ್ತದೆ. ಅದ್ಭುತ ಸೇರಿದಾಗ ಮುಂದಕ್ಕೆ ಬಾಗುತ್ತದೆ, ಕಣ್ಣು ಕೀಳಲಾಗುವುದಿಲ್ಲ. ಗೀತೆಯ ಹನ್ನೊಂದನೇ ಅಧ್ಯಾಯದಲ್ಲಿ ವಿಶ್ವರೂಪ ಕಂಡ ಅರ್ಜುನನ ಸ್ಥಿತಿ ನೆನಪಿಸಿಕೊಳ್ಳಿ. ಹರ್ಷವೂ ಆಗಿದೆ, ಭಯದಿಂದ ಮನಸ್ಸು ಕಂಗೆಟ್ಟೂ ಇದೆ, ಮೊದಲಿನ ರೂಪವನ್ನೇ ತೋರಿಸು ಎಂದು ಬೇಡುತ್ತಾನೆ. ಅಲ್ಲಿ ಅರ್ಜುನನಿಗೆ ಎದುರಿಗಿರುವವನು ಗೆಳೆಯ, ಬೇಡಿದರೆ ಕೇಳುವವನು. ಈ ದಿಬ್ಬದ ಮೇಲೆ ಹಾಗಲ್ಲ. ಬೇಡಿಕೊಳ್ಳಲು ಯಾರೂ ಇಲ್ಲ. ಅಲ್ಲಿರುವುದಕ್ಕೆ ಮನುಷ್ಯರ ಮೇಲೆ ಪ್ರೀತಿ ಇಲ್ಲ. ದ್ವೇಷವೂ ಇಲ್ಲ. ನಾವು ಅದರ ಲೆಕ್ಕದಲ್ಲೇ ಇಲ್ಲ. ಸೇಡಿನ ದೆವ್ವ ಆದರೆ ಪರವಾಗಿಲ್ಲ, ಅದಕ್ಕೆ ನಾವು ಬೇಕು. ಏನೋ ಶಾಂತಿ ಮಾಡಿಸಬಹುದು. ನಮ್ಮ ಇರವೇ ಗೊತ್ತಿಲ್ಲದ್ದರ ಹತ್ತಿರ ಯಾವ ಶಾಂತಿ ಮಾಡಿಸುವುದು?

ಅದಕ್ಕೇ ಸ್ವೀಡಿಷ್ ಗೆಳೆಯ ಎರಡನೇ ದಿನ ಕೊಡುವ ಸಲಹೆ ವಿಚಿತ್ರವಾಗಿದೆ. ಈ ಜಾಗದಲ್ಲಿ ಎರಡು ಲೋಕಗಳ ನಡುವಿನ ಪರದೆ ತೆಳ್ಳಗಾಗಿದೆ, ಆ ಕಡೆಯವರು ನಮ್ಮನ್ನು ಇನ್ನೂ ಕಂಡಿಲ್ಲ, ತಡಕಾಡುತ್ತಿದ್ದಾರೆ ಎಂಬುದು ಅವನ ತರ್ಕ. ಅವರಿಗೆ ಸುಳಿವು ಸಿಗುವುದು ನಮ್ಮ ಯೋಚನೆಯಿಂದ. ಆದ್ದರಿಂದ ಅವರ ಬಗ್ಗೆ ಯೋಚಿಸಬೇಡ. ಮಾತಾಡಬೇಡ. ಮನಸ್ಸನ್ನು ಅಲುಗಾಡದಂತೆ ಇಡು. ನಾವು ಇಷ್ಟು ಸಣ್ಣವರು ಎಂಬುದೇ ನಮ್ಮನ್ನು ಉಳಿಸಬಹುದು. ಒಂದು ವಿಷಯದ ಬಗ್ಗೆ ಯೋಚಿಸಬೇಡ ಎಂದರೆ ಮನಸ್ಸು ಅದನ್ನೇ ಯೋಚಿಸುತ್ತದೆ, ಅಲ್ವಾ? ಪುಸ್ತಕ ಹಿಡಿದ ನಾವೂ ಅದನ್ನೇ ಮಾಡುತ್ತಿರುತ್ತೇವೆ.

ಇಲ್ಲಿ ಲೇಖಕರ ಬದುಕಿನ ಒಂದು ಎಳೆ ನೆನಪಾಗದೇ ಇರುವುದಿಲ್ಲ. 1869ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಬ್ಲ್ಯಾಕ್‌ವುಡ್ ಬೆಳೆದದ್ದು ತೀರಾ ಕಟ್ಟುನಿಟ್ಟಿನ ಕ್ರೈಸ್ತ ಮನೆಯಲ್ಲಿ. ಹದಿಹರೆಯದಲ್ಲಿ ಪತಂಜಲಿಯ ಯೋಗಸೂತ್ರಗಳ ಇಂಗ್ಲಿಷ್ ಅನುವಾದ ಅವರ ಕೈಗೆ ಸಿಕ್ಕಿತು. ಅದು ತಮ್ಮ ಮನಸ್ಸನ್ನೇ ಬದಲಿಸಿತು ಎಂದು 1923ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಚಿತ್ತದ ಅಲೆಗಳನ್ನು ತಡೆಯುವುದೇ ಯೋಗ ಎನ್ನುತ್ತದೆ ಪತಂಜಲಿಯ ಎರಡನೇ ಸೂತ್ರ. ನೆರೆಯ ನಡುವೆ ಕೂತ ಇಬ್ಬರಿಗೆ ಜೀವ ಉಳಿಸಿಕೊಳ್ಳಲು ಬೇಕಾಗಿರುವುದೂ ಅದೇ. ಬ್ಲ್ಯಾಕ್‌ವುಡ್ ಇಪ್ಪತ್ತರ ಹರೆಯದಲ್ಲಿ ಕೆನಡಾಕ್ಕೆ ಹೋಗಿ ಹಾಲಿನ ವ್ಯಾಪಾರ, ಹೋಟೆಲು ಎಲ್ಲ ಮಾಡಿ ಸೋತರು. ನ್ಯೂಯಾರ್ಕಿನಲ್ಲಿ ಪತ್ರಿಕಾ ವರದಿಗಾರರಾಗಿ ಬಡತನ ಕಂಡರು. 1900ರ ಬೇಸಿಗೆಯಲ್ಲಿ ಗೆಳೆಯನೊಬ್ಬನ ಜತೆ ಕ್ಯಾನೂ ದೋಣಿಯಲ್ಲಿ ಇದೇ ಡ್ಯಾನ್ಯೂಬ್ ಇಳಿದರು. ಆ ಪ್ರವಾಸದ ಬಗ್ಗೆ 1901ರಲ್ಲಿ ‘ಮ್ಯಾಕ್‌ಮಿಲನ್ಸ್ ಮ್ಯಾಗಝೀನ್’ನಲ್ಲಿ ಬರೆದರು. ಕಥೆಯಲ್ಲಿ ಡೇರೆ ಹೂಡುವುದು, ಸೌದೆ ಆರಿಸುವುದು, ದೋಣಿಯ ಸೀಳು ಮುಚ್ಚುವುದು ಇವುಗಳಲ್ಲಿ ಒಂದು ಸುಳ್ಳು ಸಾಲೂ ಇಲ್ಲದಿರುವುದು ಈ ಕೈಕೆಲಸದ ಅನುಭವದಿಂದ.

ಗಾಳಿ ನಿಂತಾಗ

ಕಿವಿಯ ಬಗ್ಗೆ ಹೇಳಲೇಬೇಕು. ಕಥೆಯ ಮೊದಲರ್ಧದಲ್ಲಿ ಗಾಳಿ ಒಂದೇ ಸಮನೆ ಬೀಸುತ್ತದೆ. ಮಾತು ಕೇಳುವುದಿಲ್ಲ, ಮರಳು ಕಣ್ಣಿಗೆ ಹೊಡೆಯುತ್ತದೆ, ನಿರೂಪಕನಿಗೆ ಕಿರಿಕಿರಿ. ಎರಡನೇ ದಿನ ಮಧ್ಯಾಹ್ನದ ಮೇಲೆ ಗಾಳಿ ನಿಲ್ಲುತ್ತದೆ. ಅಬ್ಬಾ ಎನ್ನಬೇಕು. ಆದರೆ ಗಾಳಿ ಇಷ್ಟು ಹೊತ್ತು ಮುಚ್ಚಿಟ್ಟಿದ್ದ ಒಂದು ಸದ್ದು ಈಗ ಕೇಳಿಸುತ್ತದೆ. ದೂರದಲ್ಲಿ ಜಾಗಟೆ ಬಾರಿಸಿದ ಹಾಗೆ, ಗುಂಯ್ ಎನ್ನುವ ಸದ್ದು. ಎಲ್ಲಿಂದ ಎಂದು ಹೇಳಲಾಗುವುದಿಲ್ಲ. ಒಮ್ಮೆ ತಲೆಯ ಮೇಲೆ, ಒಮ್ಮೆ ನೀರಿನ ಒಳಗೆ. ಸ್ವೀಡಿಷ್ ಗೆಳೆಯ ಅದನ್ನು ಇಡೀ ದಿನ ಕೇಳುತ್ತಲೇ ಇದ್ದನಂತೆ. ಹೇಳಿರಲಿಲ್ಲ. ಭರತ ಪಟ್ಟಿಯ ಮೊದಲಿಗೇ ಇಟ್ಟದ್ದು ಇಂಥ ಸದ್ದನ್ನೇ. ಕಣ್ಣು ಮುಚ್ಚಿಕೊಳ್ಳಬಹುದು, ಕಿವಿ ಮುಚ್ಚಿದರೂ ಇಂಥ ಸದ್ದು ನಿಲ್ಲುವುದಿಲ್ಲ.

ಕಥೆಯಲ್ಲಿ ಕೊರತೆ ಇಲ್ಲವೆಂದಲ್ಲ. ಎರಡನೇ ಸಂಜೆ ಸ್ವೀಡಿಷ್ ಗೆಳೆಯ ಕೊಡುವ ವಿವರಣೆ ಉದ್ದವಾಯಿತು. ನಾಲ್ಕನೇ ಆಯಾಮ, ಬೇರೆ ಲೋಕ ಎಂದೆಲ್ಲ ಬಿಡಿಸಿ ಹೇಳುವಾಗ, ಅಲ್ಲಿಯವರೆಗೆ ಹೆಸರಿಲ್ಲದೆ ದೊಡ್ಡದಾಗಿದ್ದ ಭಯ ಸ್ವಲ್ಪ ಸಣ್ಣದಾಗುತ್ತದೆ. ಅಂದಿನ ಇಂಗ್ಲೆಂಡಿನಲ್ಲಿ ಗುಪ್ತವಿದ್ಯೆಗಳ ಹುಚ್ಚು ಜೋರಾಗಿತ್ತು, ಬ್ಲ್ಯಾಕ್‌ವುಡ್ ಕೂಡ ಅಂಥ ಒಂದು ಸಂಘದಲ್ಲಿದ್ದರು. ಅದರ ಛಾಯೆ ಇಲ್ಲಿದೆ. ಹಂಗೇರಿಯ ಹಳ್ಳಿಗರನ್ನು ಮೂಢರೆಂದು ತಳ್ಳಿಹಾಕುವ ದನಿಯೂ ಆ ಕಾಲದ್ದೇ. ಆದರೆ ಶಿಲುಬೆಯ ಗುರುತು ಮಾಡಿಕೊಂಡ ಆ ದೋಣಿಯವನೇ ಸರಿ ಎಂದು ಕಥೆ ಕೊನೆಗೆ ತೋರಿಸುತ್ತದಲ್ಲ, ಅದು ನನಗೆ ಹಿಡಿಸಿತು. 1910ರಲ್ಲಿ ಪ್ರಕಟವಾದ ಅವರ ಇನ್ನೊಂದು ಹೆಸರಾಂತ ಕಾಡಿನ ಕಥೆ ‘ದಿ ವೆಂಡಿಗೋ’. ಅದು ಕೆನಡಾದ ಮೂಲನಿವಾಸಿಗಳ ಒಂದು ನಂಬಿಕೆಯನ್ನು ಎತ್ತಿಕೊಂಡು ತನಗೆ ಬೇಕಾದಂತೆ ತಿರುಗಿಸುತ್ತದೆ. ‘ದಿ ವಿಲ್ಲೋಸ್’ ಹಾಗೆ ಯಾರಿಂದಲೂ ಎರವಲು ಪಡೆಯುವುದಿಲ್ಲ. ಹೊಳೆ, ಮರಳು, ಪೊದೆ ಇಷ್ಟೇ ಸಾಕಾಗುತ್ತದೆ ಅದಕ್ಕೆ.

ಆ ಜಾಗ ಈಗ ಕಥೆಯಲ್ಲಿದ್ದಂತೆ ಇಲ್ಲ. 1977ರಲ್ಲಿ ಚೆಕೊಸ್ಲೊವಾಕಿಯಾ ಮತ್ತು ಹಂಗೇರಿ ಡ್ಯಾನ್ಯೂಬ್‌ಗೆ ಅಣೆಕಟ್ಟು ಕಟ್ಟಲು ಒಪ್ಪಂದ ಮಾಡಿಕೊಂಡವು. ಪರಿಸರದ ಹೋರಾಟ ಜೋರಾಗಿ, 1989ರಲ್ಲಿ ಹಂಗೇರಿ ಕೆಲಸ ನಿಲ್ಲಿಸಿತು. ಚೆಕೊಸ್ಲೊವಾಕಿಯಾ ನಿಲ್ಲಿಸಲಿಲ್ಲ. 1992ರ ಅಕ್ಟೋಬರಿನಲ್ಲಿ ಬ್ರಾಟಿಸ್ಲಾವಾದ ಕೆಳಗೆ ಹೊಳೆಯ ಹೆಚ್ಚಿನ ನೀರನ್ನು ಗಬ್ಚಿಕೊವೊ ವಿದ್ಯುತ್ ಕೇಂದ್ರದ ಕಾಲುವೆಗೆ ತಿರುಗಿಸಿತು. ಹಂಗೇರಿಯ ಕಡೆಯ ಕವಲುಗಳು ಬತ್ತಿದವು. ಜಗಳ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 1997ರಲ್ಲಿ ತೀರ್ಪು ಬಂತು. ಎರಡೂ ಕಡೆ ತಪ್ಪಿದೆ ಎಂದಿತು ನ್ಯಾಯಾಲಯ. ನೀರಿನ ಜಗಳ ನೋಡಿ ಬೆಳೆದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮನುಷ್ಯರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ಹೊಳೆ ಎಂದು ಬ್ಲ್ಯಾಕ್‌ವುಡ್ ಬರೆದ ಅದೇ ಕವಲುಗಳಿಗೆ ಈಗ ಮನುಷ್ಯರೇ ಅಳೆದು ನೀರು ಬಿಡುತ್ತಾರೆ. ಇದನ್ನು ತಿಳಿದು ಓದಿದಾಗ ಕಥೆಯಲ್ಲಿ ಭಯದ ಜತೆ ಒಂದು ಸಂಕಟವೂ ಸೇರಿಕೊಳ್ಳುತ್ತದೆ.

ಓದಲು ಕೂರುವವರಿಗೆ

ಬ್ಲ್ಯಾಕ್‌ವುಡ್ ತೀರಿಕೊಂಡದ್ದು 1951ರಲ್ಲಿ. ನಮ್ಮಲ್ಲಿ ಲೇಖಕ ತೀರಿಕೊಂಡು 60 ವರ್ಷದ ನಂತರ ಹಕ್ಕುಸ್ವಾಮ್ಯ ಮುಗಿಯುವುದರಿಂದ ಈ ಕಥೆ ಎಲ್ಲರದ್ದೂ ಆಗಿದೆ. ಹಳೆಯ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಯಾರಾದರೂ ಕನ್ನಡಕ್ಕೆ ತರಲು ಮನಸ್ಸು ಮಾಡಿದರೆ ಹಕ್ಕಿನ ತೊಂದರೆಯೂ ಇಲ್ಲ.

ಸುಮಾರು 20 ಸಾವಿರ ಪದಗಳ ಕಥೆ. ವಾಕ್ಯಗಳು ಉದ್ದ. ಪ್ರತಿ ಪದಕ್ಕೂ ನಿಘಂಟು ತೆಗೆದರೆ ಗಾಳಿ ನಿಂತುಹೋಗುತ್ತದೆ, ಹಾಗೆ ಮಾಡಬೇಡಿ. ಅರ್ಥವಾಗದ ಪದವನ್ನು ಬಿಟ್ಟು ಮುಂದೆ ಹೋಗಿ, ಹೊಳೆಯ ಭಾಗವನ್ನು ಬೇಕಿದ್ದರೆ ಗಟ್ಟಿಯಾಗಿ ಓದಿ. ನಡುರಾತ್ರಿ ಒಬ್ಬರೇ ಕೂತು ಓದಬೇಕು ಎಂದೇನೂ ಇಲ್ಲ. ಕಥೆಯ ಅರ್ಧ ಭಯ ನಡೆಯುವುದೇ ಹಗಲು ಬೆಳಕಿನಲ್ಲಿ. ಆದರೆ ಒಂದೇ ಪಟ್ಟಿಗೆ ಓದುವುದು ಒಳ್ಳೆಯದು. ನಾಲ್ಕು ದಿನಕ್ಕೆ ಹಂಚಿಕೊಂಡರೆ ದಿಬ್ಬ ಕರಗುವುದು ಗೊತ್ತಾಗುವುದಿಲ್ಲ.

ಮೊದಲ ಸಲ ಓದುವಾಗ ದಿಬ್ಬ ಎಷ್ಟು ಉಳಿದಿದೆ ಎಂಬುದರ ಮೇಲೆ ಕಣ್ಣಿಡಿ. ಲೇಖಕರು ಆಗಾಗ ಹೇಳುತ್ತಲೇ ಇರುತ್ತಾರೆ. ನಿರೂಪಕ ಯಾವ ಸಂಗತಿಗೆ ಉತ್ತರ ಕೊಡದೇ ಮಾತು ಬದಲಿಸುತ್ತಾನೆ ನೋಡಿ. ಎರಡನೇ ಸಲ ಓದುವಾಗ ಸ್ವೀಡಿಷ್ ಗೆಳೆಯನನ್ನು ಮಾತ್ರ ಹಿಂಬಾಲಿಸಿ. ಅವನು ಯಾವಾಗ ಸುಮ್ಮನಾದ, ಏನನ್ನು ನೋಡುತ್ತಾ ನಿಂತ, ಯಾವ ಮಾತಿಗೆ ನಗಲಿಲ್ಲ. ಮೊದಲ ಸಂಜೆಯ ಆ ನೀರುನಾಯಿಯ ನಾಲ್ಕು ಸಾಲುಗಳನ್ನು ಆಗ ಮತ್ತೆ ನಿಧಾನವಾಗಿ ಓದಿ. ಇಬ್ಬರೂ ನಕ್ಕದ್ದು ಯಾಕೆ ಎಂಬುದಕ್ಕೆ ನಿಮಗೆ ಆಗ ಬೇರೆಯೇ ಉತ್ತರ ಸಿಗುತ್ತದೆ.